ಜಂತಿಗೆ ಕಟ್ಟಿದ ಸೀರೆ

ಕೆಸರೆ, ಮೈಸೂರು
9 ಜೂನ್ 2025

ಚೆಲುವಮ್ಮ ಅತ್ತಿಗೆಗೆ ನಿಮ್ಮ ನಾದಿನಿ ಯಶೋಧಾಳ ನಮಸ್ಕಾರಗಳು.

ಅಕ್ಷರ ನೋಡಿ ಗಾಬರಿಯಾಗಬೇಡಿ. ಹೇಳುತ್ತಿರುವುದು ನಾನೇ, ಬರೆಯುತ್ತಿರುವುದು ನನ್ನ ಮಗಳು ಬಿಂದು. ನನ್ನ ಕನ್ನಡಕ ಒಡೆದು ಅಂಗಡಿಗೆ ಹೋಗಿದೆ. ಇಲ್ಲೇ ಮೈಸೂರಿನ ವಿಜಯನಗರ ಬಡಾವಣೆಯಿಂದ ಇವಳು ಬಂದಿದ್ದಳು, ಹಿಡಿದು ಕೂರಿಸಿಕೊಂಡೆ.

ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀರಿ. ಕಳೆದ ಸಲ ಫೋನಿನಲ್ಲಿ ನಮ್ಮ ಬೀದಿಯ ಚರಂಡಿ ಕಟ್ಟಿಕೊಂಡು ನೀರೆಲ್ಲ ಅಡುಗೆಮನೆಗೆ ನುಗ್ಗಿದ ಕಥೆ ಹೇಳಿದೆ. ನೀವು ಪೂರ್ತಿ ಕೇಳಿಸಿಕೊಂಡು, "ಬೋ ಒಳ್ಳೇದಾಯ್ತು ಬುಡು" ಎಂದಿರಿ. ನಿಮ್ಮ ಕಿವಿಗೆ ಮಷಿನ್ ಹಾಕಿಸಲು ಮಗ ಸಿದ್ದು ಎಷ್ಟು ಕರೆದರೂ ನೀವು ಹೋಗುವುದಿಲ್ಲವಂತೆ. ಈಗ ಕೇಳಬೇಕಾದ ವಿಷಯ ಕೂಗಿ ಕೇಳುವಂಥದ್ದಲ್ಲ, ಅದಕ್ಕೇ ಕಾಗದ.

ಇಲ್ಲಿ ಎಲ್ಲ ಆರಾಮ. ನಮ್ಮನೆಯವರು ಈಗ ಮುದ್ದೆ ತಿರುವುವುದು ಕಲಿತಿದ್ದಾರೆ. ಗಂಟು ಇರುತ್ತದೆ, ಆದರೂ ಹೊಗಳಿ ತಿನ್ನುತ್ತಿದ್ದೇನೆ. ಹೊಸಪೇಟೆಯ ಬಿಸಿಲು ಇಳಿಯಿತೇ?

ಈಗ ವಿಷಯ. ಸೌಮ್ಯಶ್ರೀ ಎಂಬ ಮೂಳೆ ಡಾಕ್ಟರ ಹತ್ತಿರ ಹೋಗಿದ್ದೆ. ವಯಸ್ಸಾಯಿತಲ್ಲ, ಸುಮ್ಮನೆ ಒಂದು ಸಲ ತೋರಿಸಿಕೊಂಡು ಬರೋಣವೆಂದು. ಅವರು ನನ್ನ ಮೂಳೆಯ ಸ್ಕ್ಯಾನ್ ಮಾಡಿಸಿ, ನಿಮ್ಮ ತಾಯಿಗೋ ತಂದೆಗೋ ಸೊಂಟದ ಹತ್ತಿರ ತೊಡೆಮೂಳೆ ಮುರಿದಿತ್ತಾ ಎಂದು ಕೇಳಿದರು. ಅಪ್ಪನಿಗೆ ಇಲ್ಲ ಎಂದೆ. ಅವ್ವನ ವಿಷಯ ಖಚಿತವಾಗಿ ಹೇಳಲು ಆಗಲಿಲ್ಲ. ಕೊನೆಯ ವರ್ಷ ಅವ್ವ ನಿಮ್ಮ ಕೈಯಲ್ಲೇ ಇದ್ದಳಲ್ಲ. ಅವಳು ಎಲ್ಲಾದರೂ ಬಿದ್ದಿದ್ದಳಾ? ಮೂಳೆ ಮುರಿದಿತ್ತಾ? ನೆನಪಿದ್ದರೆ ಎರಡು ಸಾಲು ಬರೆಯಿರಿ.

ನಿಮ್ಮ
ಯಶೋಧಾ

*

ಹೊಸಪೇಟೆ
20 ಜೂನ್ 2025

ಶ್ರೀಮತಿ ಯಶೋಧಾ ಅವರಿಗೆ,

ತಮ್ಮ ಕಾಗದ ತಲುಪಿತು.

ತಮ್ಮ ತಾಯಿ ತೀರಿಹೋಗಿ ಮೂವತ್ತಾರು ವರ್ಷವಾಯಿತು. ಇಷ್ಟು ವರ್ಷದಲ್ಲಿ ಯಾರೂ ಕೇಳದಿದ್ದ ಪ್ರಶ್ನೆಯನ್ನು ತಾವು ಕೇಳಿದ್ದೀರಿ. ಅವರು ನನ್ನ ಕೈಯಲ್ಲಿದ್ದಾಗ ಬಿದ್ದರೇ, ಮೂಳೆ ಮುರಿಯಿತೇ ಎಂದು. ಸೊಸೆ ಸರಿಯಾಗಿ ನೋಡಿಕೊಂಡಳೋ ಇಲ್ಲವೋ ಎಂದು ನೇರವಾಗಿಯೇ ಕೇಳಬಹುದಿತ್ತು. ನಡುವೆ ಡಾಕ್ಟರನ್ನು ಯಾಕೆ ತಂದಿರಿ? ಅದನ್ನೂ ಮಗಳ ಕೈಯಲ್ಲಿ ಬರೆಸಿದ್ದೀರಿ. ನಾಳೆ ಆ ಹುಡುಗಿ ನನ್ನ ಮುಖ ಹೇಗೆ ನೋಡಬೇಕು?

ತಮ್ಮ ಅಣ್ಣ ಇದ್ದಿದ್ದರೆ ಉತ್ತರ ಅವರು ಹೇಳುತ್ತಿದ್ದರು. ಅವರಿಲ್ಲ, ಆದ್ದರಿಂದ ನಾನು ಹೇಳುತ್ತೇನೆ. ಅತ್ತೆಗೆ ಮಂಡಿ ನೋವಿತ್ತು. ಬೇರೇನೂ ಆಗಿರಲಿಲ್ಲ. ತಮ್ಮ ಡಾಕ್ಟರಿಗೆ ಹಾಗೆಂದೇ ತಿಳಿಸಿ.

ಸಿದ್ದು, ಅವನ ಹೆಂಡತಿ, ಮಕ್ಕಳು ಚೆನ್ನಾಗಿದ್ದಾರೆ. ಇಲ್ಲಿ ಬಿಸಿಲು ಇಳಿದಿಲ್ಲ.

ಚೆಲುವಮ್ಮ

*

ಕೆಸರೆ, ಮೈಸೂರು
28 ಜೂನ್ 2025

ಅತ್ತಿಗೆ,

ನಿಮ್ಮ ಕಾಗದವನ್ನು ಬಿಂದು ಓದುತ್ತಾ ಹೋದಂತೆ ಅವಳ ದನಿ ಸಣ್ಣದಾಯಿತು. "ತಾವು" ಎಂದು ಬರೆದಿದ್ದೀರಿ. ನಾನು ಲಂಗ ಉಡುವ ಕಾಲದಲ್ಲಿ ಮದುವೆಯಾಗಿ ಬಂದು ನನ್ನ ಜಡೆ ಹೆಣೆದವರು ನೀವು. ನಿಮ್ಮ ಬಾಯಲ್ಲಿ ಬೈಗುಳ ಕೇಳಿದ್ದೇನೆ, ಅದು ನನಗೆ ಅಭ್ಯಾಸವಿದೆ. ತಾವು ಎನ್ನಿಸಿಕೊಂಡು ಅಭ್ಯಾಸವಿಲ್ಲ.

ನಾನು ನಿಮ್ಮನ್ನು ದೂರಲು ಬರೆಯಲಿಲ್ಲ. ಡಾಕ್ಟರು ಹೇಳಿದ್ದನ್ನು ನಾನೇ ಸರಿಯಾಗಿ ತಿಳಿಸಲಿಲ್ಲ, ಈಗ ತಿಳಿಸುತ್ತೇನೆ. ಶಾಲೆಯ ಬಿಸಿಯೂಟದಲ್ಲಿ ಅಷ್ಟು ವರ್ಷ ಸಾಂಬಾರಿನ ಕೊಳದಪ್ಪಲೆ ಎತ್ತಿ ಇಳಿಸಿದವಳು ನಾನು, ನನ್ನ ಮೂಳೆಗೇನಾಗುತ್ತದೆ ಎಂದು ಅವರ ಮುಂದೆ ಜಂಬ ಕೊಚ್ಚಿಕೊಂಡೆ. ಅವರು ನಕ್ಕರು. ದುಡಿದರೆ ಮೂಳೆಗೆ ಒಳ್ಳೆಯದೇ, ಹಾಲು ರಾಗಿ ತಿಂದರೂ ಒಳ್ಳೆಯದೇ, ಆದರೆ ಮೂಳೆಯ ಗಟ್ಟಿತನದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಹೆತ್ತವರಿಂದ ಬಂದಿರುತ್ತದೆ ಎಂದರು. ಅದೂ ಯಾವುದೋ ಒಂದು ಜೀನ್ ಅಲ್ಲವಂತೆ, ನೂರಾರು ಸೇರಿ ಮಾಡುವ ಕೆಲಸವಂತೆ. ಸ್ಕ್ಯಾನಿನಲ್ಲಿ ಮೂಳೆ ಎಷ್ಟಿದೆ ಎಂದು ಕಾಣುತ್ತದೆ, ಹೇಗಿದೆ ಎಂದು ಪೂರ್ತಿ ಕಾಣುವುದಿಲ್ಲ. ಒಂದೇ ತೂಕದ ಎರಡು ಇಟ್ಟಿಗೆಯಲ್ಲಿ ಒಂದು ಚೆನ್ನಾಗಿ ಬೆಂದಿರುತ್ತದೆ, ಇನ್ನೊಂದು ಬೆಂದಿರುವುದಿಲ್ಲವಲ್ಲ, ಹಾಗೆ. ಅದಕ್ಕೇ ಮನೆಯ ಹಿರಿಯರ ಕಥೆ ಕೇಳುತ್ತಾರೆ. ನನ್ನ ಸ್ಕ್ಯಾನ್ ಗಡಿಯ ಮೇಲಿದೆ. ಅವ್ವನಿಗೆ ಮುರಿದಿದ್ದರೆ ವರ್ಷಕ್ಕೊಮ್ಮೆ ಡ್ರಿಪ್ಪಿನಲ್ಲಿ ಕೊಡುವ ಔಷಧಿ ಶುರುಮಾಡುವುದು, ಇಲ್ಲದಿದ್ದರೆ ಸದ್ಯಕ್ಕೆ ಕ್ಯಾಲ್ಸಿಯಂ ಮಾತ್ರೆ, ಬೆಳಗಿನ ಬಿಸಿಲು, ನಡಿಗೆ. ನಿಮ್ಮ ಉತ್ತರ ಬಂದಿದೆಯಲ್ಲ, ಇಲ್ಲ ಎಂದು ಹೇಳಿಬಿಟ್ಟೆ. ಡ್ರಿಪ್ಪು ಬೇಡವೆಂದು ತೀರ್ಮಾನವಾಯಿತು. ಅಲ್ಲಿಗೆ ಮುಗಿಯಿತು.

ಆದರೆ ನೀವು ಮಾತು ತೆಗೆದಿದ್ದರಿಂದ ನಾನೂ ಹೇಳುತ್ತೇನೆ. ಬಿಂದು ಐದು ತಿಂಗಳ ಕೂಸಾಗಿದ್ದಾಗ ಊರಿಗೆ ಬಂದೆ. ಅವ್ವ ಮಂಚ ಬಿಟ್ಟು ಇಳಿಯಲಿಲ್ಲ. ಹೊರಟಾಗ ಬಾಗಿಲವರೆಗೂ ಬರಲಿಲ್ಲ. ಎರಡು ಬಸಿರು ಹೋಗಿ ಮೂರನೆಯದು ಉಳಿದ ಮಗಳಿಗೆ ಒಂದು ಕುಂಕುಮ ಇಡಲು ಮಂಡಿ ನೋವು ಅಡ್ಡ ಬಂತೇ ಎಂದು ಬಸ್ಸಿನಲ್ಲಿ ಅತ್ತಿದ್ದೆ. ಅವ್ವ ಹೋದಾಗ ಓಡಿಬಂದರೆ, ಅವಳ ಮೈಗೆ ಕೊನೆಯ ನೀರು ಹಾಕಲು ನೀವು ನನ್ನನ್ನು ಬಿಡಲಿಲ್ಲ. ಪಕ್ಕದ ಮನೆಯ ಅಜ್ಜಿಯನ್ನು ಒಳಗೆ ಕರೆದುಕೊಂಡು ಕದ ಹಾಕಿಕೊಂಡಿರಿ. ಮಗಳು ಹೊರಗೆ ನಿಂತಿದ್ದೆ. ಇಷ್ಟು ದಿನ ಇದನ್ನು ಆಡಿರಲಿಲ್ಲ. ಈಗ ಆಡಿದ್ದಕ್ಕೆ ಹಗುರವೇನೂ ಆಗಲಿಲ್ಲ.

ಯಶೋಧಾ

(ಕಾಗದದ ಮಡಿಕೆಯ ಒಳಗಡೆ)
ಅತ್ತೆ, ಇದು ನಾನು ಬಿಂದು. ಅಮ್ಮ ಕನ್ನಡಕ ಹಾಕಿಕೊಂಡು ನನ್ನೆದುರಿಗೇ ಕೂತಿದ್ದಾರೆ. ಮುರಿದಿರುವುದು ಅವರ ಬಲಗೈ. ಹಿತ್ತಲಿನಲ್ಲಿ ಬಟ್ಟೆ ಹರವುತ್ತಾ ಸ್ವಲ್ಪ ವಾಲಿ ಕೈ ಊರಿದರು, ಅಷ್ಟಕ್ಕೇ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಹಾಕಿದ್ದಾರೆ. ಅಷ್ಟು ಸಣ್ಣ ಏಟಿಗೆ ಮುರಿಯಬಾರದು, ಇನ್ನೊಂದು ಸಲ ಬಿದ್ದರೆ ಸೊಂಟವೇ ಹೋಗಬಹುದು ಎಂದು ಡಾಕ್ಟರಿಗೆ ಅನುಮಾನ. ನಿಮಗೆ ತಿಳಿಸಬೇಡ ಎಂದು ಅಮ್ಮ ಆಣೆ ಹಾಕಿದ್ದಾರೆ. ಅಜ್ಜಿಯ ವಿಷಯ ನಿಮಗೇನಾದರೂ ಗೊತ್ತಿದ್ದರೆ ದಯವಿಟ್ಟು ಹೇಳಿ. ನಾನು ಯಾರನ್ನೂ ಬೇರೆ ಥರ ನೋಡುವುದಿಲ್ಲ.

*

ಹೊಸಪೇಟೆ
7 ಜುಲೈ 2025

ಯಶಿ,

ಮುದ್ದೆಯ ಮಾತಿನಲ್ಲೇ ನನಗೆ ಅನುಮಾನ ಬರಬೇಕಿತ್ತು. ನಿನ್ನ ಗಂಡ ಶಿವಮಲ್ಲಪ್ಪ ಒಲೆ ಮುಂದೆ ನಿಂತಿದ್ದಾರೆಂದರೆ ನಿನ್ನ ಕೈಗೆ ಏನೋ ಆಗಿದೆಯೆಂದೇ ಅರ್ಥ. ಕೋಪ ಕಣ್ಣು ಕಟ್ಟಿತ್ತು, ಕಾಣಲಿಲ್ಲ. ಬಿಂದುವನ್ನು ಬೈಯಬೇಡ. ಆಣೆಗಿಂತ ಅಮ್ಮ ದೊಡ್ಡವಳು ಎಂದುಕೊಂಡಳು, ಒಳ್ಳೆಯ ಮಗಳು. ಅವಳನ್ನು ನೋಡಿ ನನಗೂ ಬುದ್ಧಿ ಬಂತು.

ನಾನೂ ಒಂದು ಆಣೆಗೆ ಕಟ್ಟುಬಿದ್ದವಳು. ನಾಳೆಯೇ ಹೋಗಿ ಡಾಕ್ಟರಿಗೆ ಹೇಳು: ಅತ್ತೆಗೆ ತೊಡೆಮೂಳೆ ಮುರಿದಿತ್ತು. ಸೊಂಟದ ಹತ್ತಿರವೇ, ಎಡಗಡೆ. ಅವರ ಅವ್ವನಿಗೂ ಹಾಗೇ ಆಗಿತ್ತು.

ಆಗ ನಾವಿನ್ನೂ ಹೊಸಪೇಟೆಗೆ ಬಂದಿರಲಿಲ್ಲ, ಊರಿನಲ್ಲೇ ಇದ್ದೆವು. ನೀನು ಮೈಸೂರಿನಲ್ಲಿ, ಬಸುರಿ. ಮೊದಲಿನೆರಡು ನಿಲ್ಲದಿದ್ದಕ್ಕೆ ಡಾಕ್ಟರು ನಿನಗೆ ಮಂಚದಿಂದ ಇಳಿಯಬಾರದೆಂದು ಹೇಳಿದ್ದರು. ಆಗಲೇ ಒಂದು ಬೆಳಿಗ್ಗೆ ಅತ್ತೆ ಮಣೆಯ ಮೇಲೆ ಕೂತು ರಾಗಿ ಕೇರುತ್ತಿದ್ದರು. ಮೊರ ಪಕ್ಕಕ್ಕಿಟ್ಟು ಎದ್ದು ತಿರುಗಿದರು, ಅಷ್ಟೇ. ಎಡವಲಿಲ್ಲ, ಜಾರಲಿಲ್ಲ. ಲಟಕ್ಕೆಂದದ್ದು ಒಲೆಯ ಮುಂದಿದ್ದ ನನಗೂ ಕೇಳಿಸಿತು. ಜನ ಬಿದ್ದು ಮೂಳೆ ಮುರಿದುಕೊಳ್ಳುತ್ತಾರೆ, ಅತ್ತೆ ಮೂಳೆ ಮುರಿದು ಬಿದ್ದರು. ಯಾರಿಗೆ ಹೇಳಿದರೆ ನಂಬುತ್ತಾರೆ? ಸೊಸೆಯೇ ತಳ್ಳಿದಳೆಂದು ಬೀದಿಯಲ್ಲಿ ಆಗಲೇ ಪಿಸುಗುಟ್ಟಿದ್ದರು. ನಿನ್ನ ಕಾಗದ ಓದಿದಾಗ ಆ ಪಿಸುಮಾತೇ ಮತ್ತೆ ಕಿವಿಯಲ್ಲಿ ಬಂದು ಕೂತಿತು. ಬೇರೆ ಏನೂ ಕೇಳದ ಕಿವಿಗೆ ಅದೊಂದು ಚೆನ್ನಾಗಿ ಕೇಳುತ್ತದೆ ನೋಡು.

ನೆಲದ ಮೇಲೆ ಬಿದ್ದುಕೊಂಡೇ ಅವರು ಆಡಿದ ಮೊದಲ ಮಾತು, "ಯಶಿಗೆ ಏಳ್ಬ್ಯಾಡ ಕಣವ್ವ. ಏಳಿದ್ರೆ ಆ ಬಸ್ಸತ್ಕೊಂಡು ಬಂದ್ಬುಡ್ತಾಳೆ. ಈ ಕೂಸೂ ಓಯ್ತದೆ." ನಿಮ್ಮಣ್ಣನ ಕೈಯಲ್ಲೂ ಆಣೆ ಹಾಕಿಸಿಕೊಂಡರು. ಮೈಸೂರಿನ ಆಸ್ಪತ್ರೆಗೆ ಹೋದರೆ ನಿನಗೆ ಗೊತ್ತಾಗುತ್ತದೆಂದು ಅದಕ್ಕೂ ಒಪ್ಪಲಿಲ್ಲ. ನಾಟಿ ವೈದ್ಯನೇ ಬಿದಿರು ದಬ್ಬೆ ಕಟ್ಟಿದ. ಕಾಲು ಕೂಡಿಕೊಳ್ಳಲಿಲ್ಲ, ಗಿಡ್ಡವಾಗಿ ಹೊರಕ್ಕೆ ತಿರುಗಿಕೊಂಡಿತು.

ಬಿಂದು ಹುಟ್ಟಿದ ಸುದ್ದಿ ಬಂದಾಗ, ಇನ್ನಾದರೂ ಹೇಳೋಣವೆಂದೆ. ಬೇಡವೆಂದರು. ಅವರ ಅವ್ವ ಮುರಿದುಕೊಂಡು ಮಲಗಿದಾಗ ತವರೂರಿನಲ್ಲಿ ಆ ಮನೆಗೆ ಮುರುಕಲು ಮನೆ ಎಂದು ಹೆಸರಿಟ್ಟಿದ್ದರಂತೆ. ಅತ್ತೆಯನ್ನು ನೋಡಲು ಬಂದ ಗಂಡಿನವರು ಅದನ್ನು ಕೇಳಿ ಕಾಫಿ ಕೂಡ ಕುಡಿಯದೆ ಎದ್ದು ಹೋಗಿದ್ದರಂತೆ. "ಎಣ್ಣು ಕೂಸು ಕಣವ್ವ. ಆ ಎಸ್ರು ನನ್ ಜೊತ್ಗೇ ಮಣ್ಣಾಗ್ಲಿ" ಎಂದರು. ಮೂಳೆ ಹೀಗೆ ತಾಯಿಂದ ಮಗಳಿಗೆ ಬರುತ್ತದೆಂದು ಅವರಿಗೆ ಯಾವ ಡಾಕ್ಟರೂ ಹೇಳಿರಲಿಲ್ಲ, ಆದರೆ ಅವರಿಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಮುಚ್ಚಿಟ್ಟರೆ ಬರುವುದಿಲ್ಲವೆಂದುಕೊಂಡರು, ಪಾಪ.

ನೀನು ಕೂಸನ್ನೆತ್ತಿಕೊಂಡು ಬಂದಾಗ ಜಂತಿಗೆ ಒಂದು ಹಸಿರು ಚೌಕಳಿ ಸೀರೆಯ ಜೋಲಿ ಕಟ್ಟಿತ್ತು, ನೆನಪಿದೆಯಾ? ನೀನು ಬರುತ್ತೀಯೆಂದು ಕಟ್ಟಿದೆ ಎಂದಿದ್ದೆ ನಾನು. ಅದು ಜೋಲಿಯಲ್ಲ ಕಣೇ. ಅತ್ತೆ ಹಿಡಿದುಕೊಂಡು ಎದ್ದು ಕೂರಲಿ ಎಂದು ಇಳಿಬಿಟ್ಟಿದ್ದ ಸೀರೆ. ಬಸ್ಸಿಳಿದು ಬರುತ್ತಿದ್ದೀಯೆಂದು ಸಿದ್ದು ಓಡಿಬಂದು ಹೇಳಿದ. ಬಿಚ್ಚಲು ಹೊತ್ತಿರಲಿಲ್ಲ, ಕೆಳಗಿನ ತುದಿಯನ್ನು ಎತ್ತಿ ಗಂಟು ಹಾಕಿಬಿಟ್ಟೆ. ನೀನಿದ್ದಷ್ಟು ದಿನವೂ ಬಿಂದು ಅದರಲ್ಲೇ ಮಲಗಿದಳು. ಅತ್ತೆ ಮಂಚದಿಂದ ಅದನ್ನೇ ನೋಡುತ್ತಿದ್ದರು. ನೀನು ಹೊಳೆಗೋ ಅಂಗಡಿಗೋ ಹೋದಾಗ ಅವರನ್ನು ನಾನು ತೋಳಿನಲ್ಲೆತ್ತಿ ಕೂರಿಸುತ್ತಿದ್ದೆ. ನೀನು ಹೊರಟಾಗ ಅವರು ಬಾಗಿಲಿಗೆ ಬರಲಿಲ್ಲ ಎನ್ನುತ್ತೀಯ. ಯಾವ ಕಾಲಿನಲ್ಲಿ ಬರಬೇಕಿತ್ತು?

ನಿನ್ನ ಬಸ್ಸು ತಿರುವು ದಾಟಿದ ಮೇಲೆ ಗಂಟು ಬಿಚ್ಚಿ ಸೀರೆಯನ್ನು ಅವರ ಕೈಗೆ ಕೊಟ್ಟೆ. ಏಳಲು ಹಿಡಿಯಲಿಲ್ಲ. ಮೂಗಿಗೆ ಒತ್ತಿಕೊಂಡು ತುಂಬ ಹೊತ್ತು ಹಾಗೇ ಇದ್ದರು. "ಕೂಸಿನ ವಾಸ್ನೆ ಕಣವ್ವ, ಒಗೀಬ್ಯಾಡ ಇದ್ನ" ಎಂದರು. ಒಗೆಯಲಿಲ್ಲ.

ಕೊನೆಯ ನೀರು ಹಾಕಲು ನಿನ್ನನ್ನು ಬಿಡದಿದ್ದದ್ದೂ ಅದಕ್ಕೇ. ಆ ಕಾಲನ್ನು ನೀನು ನೋಡಬಾರದಿತ್ತು. ಅವರ ಮಾತು ಉಳಿಸಿದೆ, ನಿನ್ನ ಹಕ್ಕು ಕಿತ್ತುಕೊಂಡೆ. ಎರಡನ್ನೂ ಒಟ್ಟಿಗೆ ಉಳಿಸುವ ದಾರಿ ನನಗೆ ಅವತ್ತು ಕಾಣಲಿಲ್ಲ, ಇವತ್ತಿಗೂ ಕಾಣುತ್ತಿಲ್ಲ.

ಕಾಗದ ಮುಟ್ಟಿದ ತಕ್ಷಣ ಡಾಕ್ಟರ ಹತ್ತಿರ ಹೋಗು. ಸಿದ್ದುವಿನ ಕೈಲಿ ಬಿಂದುವಿಗೆ ಫೋನೂ ಮಾಡಿಸಿದ್ದೇನೆ, ಆದರೂ ನೀನಿದನ್ನು ಓದಬೇಕು.

ನಿನ್ನ ಅತ್ತಿಗೆ

*

ಕೆಸರೆ, ಮೈಸೂರು
30 ಜುಲೈ 2025

ಅತ್ತಿಗೆ,

ಈ ಕೋಳಿಕಾಲಿನ ಅಕ್ಷರ ನನ್ನದೇ. ಪ್ಲಾಸ್ಟರ್ ಬಿಚ್ಚಿದ್ದಾರೆ. ಕೈ ಇನ್ನೂ ನನ್ನ ಮಾತು ಕೇಳುವುದಿಲ್ಲ, ಆದರೂ ಇದನ್ನು ಬಿಂದುವಿನ ಕೈಯಲ್ಲಿ ಬರೆಸಲು ಮನಸ್ಸಾಗಲಿಲ್ಲ. ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಬರೆಯುತ್ತಿದ್ದೇನೆ, ಅದಕ್ಕೇ ತಡ.

ನಿಮ್ಮ ಕಾಗದವನ್ನು ಮೊದಲ ಸಲ ಓದಿದಾಗ ಅವ್ವನಿಗಾಗಿ ಅತ್ತುಬಿಟ್ಟೆ. ಎರಡನೇ ಸಲ ನಿಮಗಾಗಿ. ಮೂವತ್ತಾರು ವರ್ಷ ನಾನು ನಿಮ್ಮ ಮೇಲೆ ಮುನಿಸು ಇಟ್ಟುಕೊಂಡು, ಹಬ್ಬಕ್ಕೆ ಬಂದರೆ ನಕ್ಕು ಮಾತನಾಡಿ ಹೋಗುತ್ತಿದ್ದೆ. ನೀವು ಅದನ್ನು ಕಂಡೂ ಕಾಣದ ಹಾಗಿದ್ದಿರಿ. ಒಂದು ಮಾತು ಹೇಳಿದ್ದರೆ ನನ್ನ ಮುನಿಸು ಅವತ್ತೇ ಕರಗುತ್ತಿತ್ತು. ಹೇಳಲಿಲ್ಲ. ನನ್ನ ತಾಯಿಗೆ ಕೊಟ್ಟ ಮಾತಿಗಾಗಿ ನನ್ನ ಕಣ್ಣಲ್ಲಿ ಕೆಟ್ಟವರಾಗಿಯೇ ಉಳಿದಿರಿ. ಹೆತ್ತ ಮಗಳು ನಾನು ಮಂಚದ ಮೇಲೆ ಕಾಲು ನೀಡಿ ಮಲಗಿದ್ದಾಗ, ಅವಳನ್ನು ಎತ್ತಿದವರು, ತೊಳೆದವರು, ಉಣಿಸಿದವರು ನೀವು. ಬಿಂದು ಉಳಿದಿದ್ದು ಅವ್ವ ಬಾಯಿ ಮುಚ್ಚಿಕೊಂಡಿದ್ದರಿಂದ. ಅವ್ವ ಬಾಯಿ ಮುಚ್ಚಿಕೊಂಡಿರಲು ಆದದ್ದು ನೀವು ಇದ್ದದ್ದರಿಂದ. ಈಗ ನಾನು ಉಳಿಯುವುದು ನೀವು ಬಾಯಿ ಬಿಟ್ಟಿದ್ದರಿಂದ. ಥ್ಯಾಂಕ್ಸ್ ಎಂದರೆ ನೀವು ಬೈಯುತ್ತೀರಿ. ಬೈಯಿರಿ. ಹೇಳಿಯೇ ಹೇಳುತ್ತೇನೆ, ನಿಮ್ಮ ಋಣ ದೊಡ್ಡದು ಅತ್ತಿಗೆ.

ನೀವು ಫೋನ್ ಮಾಡಿಸಿದ ಮರುದಿನವೇ ಹೋಗಿದ್ದೆವು. ಅವ್ವನಿಗೆ, ಅಜ್ಜಿಗೆ, ಅದೂ ಬೀಳದೆಯೇ ಮುರಿದದ್ದೆಂದು ಕೇಳಿ ಸೌಮ್ಯಶ್ರೀ ಡಾಕ್ಟರು ಪೆನ್ನು ಕೆಳಗಿಟ್ಟರು. "ಇದನ್ನು ಯಾವ ಮಷಿನ್ನೂ ನನಗೆ ಹೇಳ್ತಿರಲಿಲ್ಲ ಕಣಮ್ಮ. ಹೇಳಿದವರು ಯಾರು?" ಎಂದರು. ನಮ್ಮ ಅತ್ತಿಗೆ ಎಂದೆ. ರಕ್ತ ಪರೀಕ್ಷೆ, ಹಲ್ಲಿನ ಪರೀಕ್ಷೆ ಎಲ್ಲ ಮುಗಿದು ಕಳೆದ ವಾರ ಡ್ರಿಪ್ಪು ಹಾಕಿದರು. ಒಂದು ದಿನ ಮೈ ಬಿಸಿಯಾಗಿತ್ತು, ಅಷ್ಟೇ. ಇನ್ನು ಬರುವ ವರ್ಷ. ಬಿಂದುವಿಗೆ ಔಷಧಿ ಏನೂ ಬೇಡವಂತೆ. ಈಗಿನಿಂದಲೇ ಭಾರ ಎತ್ತಿ ವ್ಯಾಯಾಮ ಮಾಡಬೇಕು, ಊಟ ನೋಡಿಕೊಳ್ಳಬೇಕು, ಮುಟ್ಟು ನಿಂತ ಮೇಲೆ ಬೇಗ ಸ್ಕ್ಯಾನ್ ಮಾಡಿಸಬೇಕು. ಹೆತ್ತವರಿಂದ ಬಂದದ್ದನ್ನು ಬದಲಿಸಲು ಆಗದು, ಆದರೆ ಗೊತ್ತಿದ್ದರೆ ಮುರಿಯುವ ಮುಂಚೆ ಕಾಯಬಹುದು ಎಂದರು. ಅವ್ವ ಯಾವುದನ್ನು ಮಣ್ಣು ಮಾಡಬೇಕೆಂದಿದ್ದಳೋ ಅದೇ ಈಗ ಅವಳ ಮೊಮ್ಮಗಳನ್ನು ಕಾಯುತ್ತದೆ.

ಜೋಲಿಯ ವಿಷಯ ಬಿಂದುವಿಗೆ ಹೇಳಿದೆ. ಊರಿಂದ ಬಂದ ಮೇಲೆ ಇವಳು ತೊಟ್ಟಿಲಿನಲ್ಲಿ ಮಲಗುವುದಿಲ್ಲವೆಂದು ಹಟ ಮಾಡಿ, ನಾನೂ ಇಲ್ಲಿ ಒಂದು ಸೀರೆ ಕಟ್ಟಬೇಕಾಯಿತು. ಯಾಕೆ ಆ ಹಟವೆಂದು ಆಗ ಬೈದುಕೊಂಡಿದ್ದೆ.

ನಿಮ್ಮ ಯಶಿ

*

ಹೊಸಪೇಟೆ
12 ಆಗಸ್ಟ್ 2025

ಯಶಿ,

ಋಣಗಿಣ ಎಂದು ದೊಡ್ಡ ಮಾತೆಲ್ಲ ಆಡಬೇಡ. ನಾನು ಮದುವೆಯಾಗಿ ಬಂದಾಗ ನನಗೆ ಸೀರೆ ಉಡಲೂ ಬರುತ್ತಿರಲಿಲ್ಲ, ನಿನ್ನವ್ವ ನೆರಿಗೆ ಹಿಡಿದು ಕಲಿಸಿದರು. ನನ್ನ ಹೆರಿಗೆಯಲ್ಲಿ ನನ್ನ ಕಾಲು ಒತ್ತಿದವರು ಅವರೇ. ಅವರನ್ನು ಎತ್ತಿ ಕೂರಿಸಿದ್ದು ದೊಡ್ಡದಲ್ಲ. ಎತ್ತುವಾಗೆಲ್ಲ ಅವರು ನನ್ನ ಕುತ್ತಿಗೆ ಬಳಸಿ ಹಿಡಿದುಕೊಂಡು, "ನಿನ್ ಒಟ್ಟೆ ತಣ್ಗಿರ್ಲಿ" ಎನ್ನುತ್ತಿದ್ದರು. ಅಷ್ಟು ಹಾರೈಕೆ ಯಾವ ಸೊಸೆಗೆ ಸಿಗುತ್ತದೆ? ಹೇಳಿಬಿಟ್ಟ ಮೇಲೆ ಎದೆಯ ಮೇಲಿನ ಗುಂಡುಕಲ್ಲು ಇಳಿದ ಹಾಗಾಗಿದೆ. ಅತ್ತೆ ಬೈಯುವುದಿಲ್ಲವೆಂದು ನನಗೆ ಧೈರ್ಯವಿದೆ. ಅವರು ಬಾಯಿ ಮುಚ್ಚಿಸಿದ್ದು ನಿನಗಾಗಿ, ನಾನು ಬಾಯಿ ಬಿಟ್ಟಿದ್ದೂ ನಿನಗಾಗಿ.

ನನ್ನದೇನು, ಗಟ್ಟಿಮುಟ್ಟಾಗಿದ್ದೇನೆ. ಬೆನ್ನು ಸ್ವಲ್ಪ ಹಿಡಿದುಕೊಳ್ಳುತ್ತದೆ. ಒಂದು ತಮಾಷೆ ಕೇಳು. ದೇವರ ಪಟಕ್ಕೆ ಹೂ ಏರಿಸಲು ಹೋದರೆ ಕೈ ಎಟುಕುತ್ತಿಲ್ಲ. ಪಟವನ್ನು ಯಾರಪ್ಪಾ ಮೇಲೆ ಹಾಕಿದ್ದು ಎಂದು ಸೊಸೆಯನ್ನು ಬೈದೆ. ಪಟ ಇದ್ದಲ್ಲೇ ಇದೆಯಂತೆ, ನಾನೇ ಗಿಡ್ಡ ಆಗಿದ್ದೇನಂತೆ. ಸಿದ್ದು ನಕ್ಕು ಕೆಳಗೆ ಇನ್ನೊಂದು ಮೊಳೆ ಹೊಡೆದುಕೊಟ್ಟಿದ್ದಾನೆ. ನಿಮ್ಮ ಮನೆಯ ರಕ್ತ ನನ್ನಲ್ಲಿಲ್ಲ, ಆದ್ದರಿಂದ ನೀನು ತಲೆ ಕೆಡಿಸಿಕೊಳ್ಳಬೇಡ.

ಅತ್ತಿಗೆ

*

ಕೆಸರೆ, ಮೈಸೂರು
22 ಆಗಸ್ಟ್ 2025

ಅತ್ತಿಗೆ,

ನಿಮ್ಮ ಪಟದ ತಮಾಷೆಯನ್ನು ಡಾಕ್ಟರಿಗೆ ಹೇಳಿದೆ. ಅವರು ನಗಲಿಲ್ಲ. ಎತ್ತರ ಕುಗ್ಗಿ ಬೆನ್ನು ನೋಯುತ್ತಿದ್ದರೆ ಬೆನ್ನಿನ ಮೂಳೆ ಒಳಗೊಳಗೇ ಕುಸಿದಿರಬಹುದಂತೆ, ಸುಮ್ಮನೆ ಬಿಡುವ ಹಾಗಿಲ್ಲವಂತೆ. ನಮ್ಮ ರಕ್ತ ನಿಮ್ಮಲ್ಲಿಲ್ಲ, ನಿಜ. ನಿಮ್ಮ ಹೆತ್ತವರ ರಕ್ತ ಇದೆಯಲ್ಲ. ಅವರಲ್ಲಿ ಯಾರಿಗಾದರೂ ಮೂಳೆ ಮುರಿದಿತ್ತಾ ಎಂದು ನಿಮ್ಮನ್ನೂ ಕೇಳುತ್ತಾರೆ. ಈಗಲೇ ನೆನಪು ಮಾಡಿಕೊಂಡಿರಿ. ಯಾರನ್ನೂ ದೂರುವುದಕ್ಕಲ್ಲ.

ಸಿದ್ದುವಿಗೆ ಬಿಂದು ಫೋನ್ ಮಾಡಿದ್ದಾಳೆ. ಹಂಪಿ ಎಕ್ಸ್‌ಪ್ರೆಸ್ಸಿಗೆ ಟಿಕೆಟ್ ಮಾಡಿಸುತ್ತಾನೆ, ಕೆಳಗಿನ ಬರ್ತು. ಇಲ್ಲಿ ಸ್ಕ್ಯಾನ್ ಮಾಡಿಸೋಣ, ಕಿವಿಯನ್ನೂ ತೋರಿಸೋಣ. ಇಷ್ಟು ದಿನ ಇದ್ದು ಹೋಗಿ ಎಂದು ನಾನು ಹೇಳುವುದಿಲ್ಲ, ನಿಮಗೆ ಸಾಕಾಗುವಷ್ಟು ದಿನ ಇರಿ. ಗಂಟಿಲ್ಲದ ಮುದ್ದೆ ನಾನೇ ತಿರುವುತ್ತೇನೆ. ಕೈ ಈಗ ಪೂರ್ತಿ ತಿರುಗುತ್ತದೆ.

ಇನ್ನೊಂದು ಮಾತು. ಅವತ್ತು ಅವ್ವನಿಗೆ ನೀರು ಹಾಕಲು ನನ್ನನ್ನು ಬಿಡಲಿಲ್ಲ. ಯಾಕೆಂದು ಈಗ ಗೊತ್ತಾಗಿದೆ, ಆ ಮುನಿಸು ಇಲ್ಲ. ಆದರೆ ಹಾಕದೆ ಉಳಿದ ನೀರು ನನ್ನ ಕೈಯಲ್ಲಿ ಹಾಗೇ ಇದೆ. ನೀವು ಬಂದ ಮೊದಲ ದಿನ ನಿಮ್ಮನ್ನು ಮಣೆಯ ಮೇಲೆ ಕೂರಿಸಿ, ನೆತ್ತಿಗೆ ಹರಳೆಣ್ಣೆ ಒತ್ತಿ, ಬೆನ್ನು ತಿಕ್ಕಿ, ನಾಲ್ಕು ಬಿಂದಿಗೆ ಬಿಸಿನೀರು ಹಾಕಬೇಕೆಂದು ಆಸೆ. ಅವ್ವನನ್ನು ಎತ್ತಿದ ಬೆನ್ನು ಅದು. ಈ ಸಲ ಕದ ಹಾಕಿಕೊಳ್ಳಬೇಡಿ ಅತ್ತಿಗೆ.

ಯಶಿ

*

ಹೊಸಪೇಟೆ
1 ಸೆಪ್ಟೆಂಬರ್ 2025

ಯಶಿ,

ಟಿಕೆಟ್ ಆಗಿದೆ. ಬರುವ ಸೋಮವಾರ ಬೆಳಿಗ್ಗೆ ಇಳಿಯುತ್ತೇನೆ, ಸಿದ್ದು ಜೊತೆಗಿರುತ್ತಾನೆ. ಸ್ಟೇಷನ್ನಿಗೆ ಬಂದು ನೂಕಿನಲ್ಲಿ ನಿಲ್ಲಬೇಡ, ನಾವೇ ಆಟೊ ಹಿಡಿದು ಬರುತ್ತೇವೆ.

ಹಸಿರು ಚೌಕಳಿ ಸೀರೆಯನ್ನು ಬಿಂದುವಿಗೆಂದು ಚೀಲದಲ್ಲಿ ಇಟ್ಟುಕೊಂಡಿದ್ದೇನೆ. ಅತ್ತೆ ಹೇಳಿದ್ದರಲ್ಲ, ಅದನ್ನು ಇವತ್ತಿಗೂ ಒಗೆದಿಲ್ಲ.

ನೀರು ಕಾಯಿಸಿಡು.

ಅತ್ತಿಗೆ